ಸೀಟಿಯಕ್ಕ ಮತ್ತೆ ಬಸ್ಸು ಹತ್ತಿದ್ದು

ನಮ್ಮ ಬಸ್ಸಿನ ಕಂಡಕ್ಟರಿಗೆ ಸೀಟಿಯಕ್ಕ ಎಂದು ಹೆಸರು ಬಿದ್ದದ್ದು ಅವಳ ಕುತ್ತಿಗೆಯಲ್ಲಿ ನೇತಾಡುವ ವಿಷಲ್‌ನಿಂದ. ಅಲ್ಲ, ಮುದುಕರಿಗೆ, ಬಸುರಿಯರಿಗೆ ಯಾರನ್ನಾದರೂ ಎಬ್ಬಿಸಿ ಸೀಟು ಕೊಡಿಸುತ್ತಾಳಲ್ಲ, ಅದಕ್ಕೇ ಸೀಟಿಯಕ್ಕ ಅನ್ನುವವರೂ ಇದ್ದರು. ಅವಳನ್ನೇ ಕೇಳಿದರೆ, "ಎರಡೂ ನಿಜ, ಮೊದಲು ಒಳಗೆ ಸರೀರಿ" ಅನ್ನುತ್ತಿದ್ದಳು.

ಐವತ್ತು ದಾಟಿದ ಗಟ್ಟಿ ಹೆಂಗಸು. ಒಂದು ಭುಜಕ್ಕೆ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಮಷೀನು. ಬಸ್ಸು ಎಷ್ಟೇ ಎಗರಾಡಲಿ, ಕಂಬಿ ಹಿಡಿಯುತ್ತಿರಲಿಲ್ಲ. ಸೊಂಟವನ್ನು ಸೀಟಿನ ಅಂಚಿಗೆ ಒಂಚೂರು ಆನಿಸಿ, ಎರಡೂ ಕೈ ಬಿಟ್ಟು, ಹಿಂದಿನಿಂದ ಮುಂದಿನವರೆಗೆ ಮಾತಾಡುತ್ತಲೇ ಬಂದುಬಿಡುತ್ತಿದ್ದಳು. ಯಾರ ಮಗಳಿಗೆ ಪರೀಕ್ಷೆ, ಯಾರ ಮಾವನಿಗೆ ಕಣ್ಣಿನ ಆಪರೇಷನ್, ಎಲ್ಲ ಅವಳಿಗೆ ಗೊತ್ತು. ಬಸ್ಸು ಓಡಿಸುವ ಡ್ರೈವರಣ್ಣ ಇದಕ್ಕೆ ತದ್ವಿರುದ್ಧ. ಬಾಯಿಗೆ ಬೀಗ ಹಾಕಿಕೊಂಡೇ ಹುಟ್ಟಿದವನು. ಎಷ್ಟೋ ವರ್ಷದಿಂದ ಇಬ್ಬರದೂ ಒಂದೇ ಬಸ್ಸು. ಒಂದು ಸೀಟಿ ಅಂದರೆ ನಿಲ್ಲಿಸು, ಎರಡು ಅಂದರೆ ಹೊರಡು. ಅವರಿಬ್ಬರ ನಡುವೆ ಅದಕ್ಕಿಂತ ಹೆಚ್ಚಿನ ಮಾತು ಬೇಕಾಗಿರಲಿಲ್ಲ.

ಅವಳಿಗೆ ಹುಷಾರು ತಪ್ಪಿದ ದಿನ ನಾನೂ ಬಸ್ಸಿನಲ್ಲಿದ್ದೆ. ಬೆಳಗಿನ ಹೊತ್ತು, ಆಫೀಸಿಗೆ ಹೋಗುವವರ ಗದ್ದಲ. ಎರಡು ಮೂರು ದಿನದಿಂದ ಅವಳು ಬೆನ್ನು ನೋವು ಅನ್ನುತ್ತಿದ್ದಳು, ಚೀಲದ ಪಟ್ಟಿಯನ್ನು ಈ ಭುಜದಿಂದ ಆ ಭುಜಕ್ಕೆ ಬದಲಿಸುತ್ತಿದ್ದಳು. ದವಡೆಯೂ ನೋಯುತ್ತಿತ್ತಂತೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು ಎಂದು ಮುಂದಿನ ಸೀಟಿನ ಹೆಂಗಸಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು. ಆ ದಿನ ಕಿಟಕಿಯಿಂದ ತಣ್ಣನೆ ಗಾಳಿ ಬೀಸುತ್ತಿದ್ದರೂ ಅವಳ ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಒಂದು ಸ್ಟಾಪಿನಲ್ಲಿ ಸೀಟಿ ಊದಿದಳು. ಸೀಟಿಯಿಂದ ಬರೀ ಗಾಳಿ ಬಂತು. ಆಮೇಲೆ ಅವಳು ಒಂದು ಸೀಟಿನಲ್ಲಿ ಕುಳಿತಳು. ಸೀಟಿಯಕ್ಕ ಓಡುವ ಬಸ್ಸಿನಲ್ಲಿ ಕುಳಿತದ್ದನ್ನು ನಮ್ಮಲ್ಲಿ ಯಾರೂ ಕಂಡವರಲ್ಲ.

ಡ್ರೈವರಣ್ಣ ಕನ್ನಡಿಯಲ್ಲಿ ನೋಡಿದವನೇ ಗಾಡಿ ಪಕ್ಕಕ್ಕೆ ಹಾಕಿ ಎದ್ದು ಬಂದ. ಎಲ್ಲಿ ನೋವು ಎಂದು ಕೇಳಿದ.

"ಏನಿಲ್ಲ, ಗ್ಯಾಸು. ಲೇಟಾಗ್ತಿದೆ, ಗಾಡಿ ತೆಗಿ ಅಣ್ಣಾ" ಅಂದಳು. ಮಾತು ಅರ್ಧ ಬಂತು, ಅರ್ಧ ಬರಲಿಲ್ಲ.

ಅವನು ಅವಳ ಮುಖವನ್ನೇ ಒಂದು ಗಳಿಗೆ ನೋಡಿ, ನಮ್ಮ ಕಡೆ ತಿರುಗಿದ. "ಆಸ್ಪತ್ರೆ ಇಲ್ಲೇ ಎರಡು ತಿರುವು. ಆಂಬುಲೆನ್ಸ್ ಈ ಟ್ರಾಫಿಕ್ಕಲ್ಲಿ ಬರೋ ಹೊತ್ತಿಗೆ ನಾವೇ ಅಲ್ಲಿರ್ತೀವಿ. ಇಳಿಯೋರು ಇಳೀರಿ." ಅವನ ಬಾಯಿಂದ ಒಟ್ಟಿಗೆ ಅಷ್ಟು ಮಾತು ಕೇಳಿದ್ದೇ ಮೊದಲ ಸಲ. ಯಾರೂ ಇಳಿಯಲಿಲ್ಲ. ನಿದ್ದೆಯಿಂದ ಎಚ್ಚೆತ್ತ ಒಬ್ಬರು ಮಾತ್ರ ಬಸ್ಸು ಯಾಕೆ ಈ ಕಡೆ ತಿರುಗಿತು ಎಂದು ಕೇಳಿದರು, ಸುತ್ತಲಿನವರೆಲ್ಲ ಸೇರಿ ಅವರನ್ನು ಸುಮ್ಮನಾಗಿಸಿದೆವು. ಆಸ್ಪತ್ರೆಯ ಗೇಟಿನಲ್ಲಿ ಕಾವಲಿನವನು ದೊಡ್ಡ ಗಾಡಿಗೆ ಒಳಗೆ ಪ್ರವೇಶವಿಲ್ಲ ಎಂದು ಕೈ ಅಡ್ಡ ಹಿಡಿದ. ಬಸ್ಸು ನಿಲ್ಲಲಿಲ್ಲ, ಕೈ ತಾನಾಗಿಯೇ ಹಿಂದೆ ಸರಿಯಿತು. 'ನಿಧಾನವಾಗಿ ಚಲಿಸಿ' ಎಂಬ ಬೋರ್ಡೊಂದನ್ನು ಬಸ್ಸು ಬಾಗಿಲವರೆಗೂ ಎಳೆದುಕೊಂಡು ಹೋಯಿತು.

ಹೃದಯದ ಒಂದು ರಕ್ತನಾಳ ಪೂರ್ತಿ ಮುಚ್ಚಿಹೋಗಿತ್ತು. ತಡಮಾಡದೆ ಒಳಗೆ ತಂತಿ ಹಾಯಿಸಿ, ಬಿಡಿಸಿ, ಸ್ಟೆಂಟ್ ಇಟ್ಟರು. ಹೆಂಗಸರಿಗೆ ಎಷ್ಟೋ ಸಲ ಹೀಗೇ, ಎದೆ ಬಿಟ್ಟು ಬೆನ್ನು, ದವಡೆ ಅಂತ ಬರುತ್ತದೆ, ಅದಕ್ಕೇ ತಡ ಮಾಡಿಕೊಳ್ಳುತ್ತಾರೆ, ನೀವು ಬಸ್ಸಿನಲ್ಲಿ ಬಂದದ್ದು ಒಳ್ಳೇದಾಯಿತು ಎಂದು ಡಾಕ್ಟರು ಹೇಳಿದರಂತೆ.

ಜೀವವೇನೋ ಉಳಿಯಿತು. ತಾಪತ್ರಯ ಶುರುವಾದದ್ದು ಮನೆಗೆ ಬಂದ ಮೇಲೆ.

ಮನೆಯಲ್ಲಿ ಮೂರೇ ಜನ: ಅವಳು, ಅವಳ ಗಂಡ, ಅತ್ತೆ. ಗಂಡನದು ಬೀದಿಯ ತುದಿಯಲ್ಲಿ ಪುಟ್ಟ ಕನ್ನಡಕದ ಅಂಗಡಿ. ದಿನವಿಡೀ ಗಾಜು ಉಜ್ಜುವುದು, ಸಾಸಿವೆ ಕಾಳಿನಷ್ಟು ಸ್ಕ್ರೂ ತಿರುಗಿಸುವುದು. ಅತ್ತೆಗೆ ಎಂಬತ್ತರ ಹತ್ತಿರ. ಹಿಡಿಯಷ್ಟು ಆಳು, ಊರಗಲ ಬಾಯಿ. ಸೊಸೆಯನ್ನು ಕೈಗೂಸಿನಂತೆ ನೋಡಿಕೊಳ್ಳಲು ತಾಯಿ ಮಗ ಪಣ ತೊಟ್ಟರು. ಹುಲ್ಲುಕಡ್ಡಿ ಎತ್ತಲು ಬಿಡಲಿಲ್ಲ. ನೀರಿನ ಲೋಟ ಬಾಯಿಯ ಹತ್ತಿರಕ್ಕೇ ಬರುತ್ತಿತ್ತು. ನೋಡಲು ಬಂದವರು ಒಬ್ಬೊಬ್ಬರೂ ಒಂದೊಂದು ಹೆಣದ ಕತೆ ತಂದರು. ನಮ್ಮ ಭಾವನಿಗೂ ಹೀಗೇ ಆಗಿತ್ತು, ಚೆನ್ನಾಗೇ ಇದ್ದರು, ಒಂದು ದಿನ ಚಪ್ಪಲಿ ಹಾಕಿಕೊಳ್ಳಲು ಬಗ್ಗಿದವರು ಏಳಲೇ ಇಲ್ಲ, ಎಂದು ಹೇಳಿ ಹಣ್ಣು ಕೊಟ್ಟು ಹೋಗುತ್ತಿದ್ದರು.

ಅವಳಿಗೆ ಇದಕ್ಕಿಂತ ಹೆಚ್ಚು ಕಾಡಿದ್ದು ಗಂಡನ ಒಪ್ಪಿಗೆ. ಮದುವೆಯಾದಂದಿನಿಂದ ಜಗಳವಾಡದೆ ಒಂದು ದಿನ ಕಳೆದವರಲ್ಲ ಅವರು. ಫ್ಯಾನು ಎಷ್ಟರಲ್ಲಿ ಓಡಬೇಕು, ಟವೆಲ್ ಎಲ್ಲಿ ನೇತುಹಾಕಬೇಕು, ಯಾವುದಕ್ಕೂ ಒಂದು ಗುದ್ದಾಟ, ಆಮೇಲೊಂದು ನಗು. ಈಗ ಅವಳು ಏನಂದರೂ "ಹೂಂ". ಸೂರ್ಯ ಇವತ್ತು ಪಡುವಣದಲ್ಲಿ ಹುಟ್ಟಿದ ಅಂದರೂ "ಹೂಂ". ತಾನು ಸಾಯಲಿದ್ದೇನೆ ಎಂದು ಅವನಿಗೆ ಯಾರೋ ಹೇಳಿದ್ದಾರೆ, ಅದಕ್ಕೇ ಹೀಗೆ ಎಂದು ಅವಳು ತೀರ್ಮಾನ ಮಾಡಿಕೊಂಡಳು.

ಹೆದರಿಕೆ ಒಳಗೊಳಗೇ ಬೇರು ಬಿಟ್ಟಿತು. ಹೊತ್ತು ಗೊತ್ತಿಲ್ಲದೆ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡು ನಾಡಿ ನೋಡುತ್ತಿದ್ದಳು. ಸ್ನಾನಕ್ಕೆ ಹೋದರೆ ಚಿಲಕ ಹಾಕುತ್ತಿರಲಿಲ್ಲ. ಬಟ್ಟೆ ಒಣಹಾಕಲು ಮಹಡಿ ಹತ್ತುವುದನ್ನು ಬಿಟ್ಟಳು, ಕೊನೆಗೆ ಮಾತನ್ನೂ ಬಿಟ್ಟಳು. ನಾನೊಮ್ಮೆ ನೋಡಲು ಹೋಗಿದ್ದೆ. ಬಸ್ಸಿನ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿದ್ದ ದನಿ ಮಂಚದಿಂದ ಕುರ್ಚಿಯವರೆಗೂ ಬರುತ್ತಿರಲಿಲ್ಲ.

ಆಸ್ಪತ್ರೆಯಿಂದ ಹೊರಡುವಾಗಲೇ ಡಾಕ್ಟರು, ಕೆಳಮಹಡಿಯಲ್ಲಿ ಹೃದಯ ಪುನಶ್ಚೇತನ ಎಂಬ ವಿಭಾಗವಿದೆ, ಅಲ್ಲಿಗೆ ತಪ್ಪದೆ ಬನ್ನಿ ಎಂದಿದ್ದರು. ಹಳೇ ಬಸ್ಸಿಗೆ ಹೊಸ ಪೇಂಟು ಹೊಡೆಯೋದಾ ಎಂದು ನಕ್ಕು ಸುಮ್ಮನಾಗಿದ್ದಳು. ವ್ಯಾಯಾಮವಂತೆ. ಜೀವಮಾನವೆಲ್ಲ ಓಡುವ ಬಸ್ಸಿನಲ್ಲಿ ನಡೆದವಳಿಗೆ ಇನ್ಯಾವ ವ್ಯಾಯಾಮ? ಒಳಗಿನ ಮಾತು ಬೇರೆಯೇ ಇತ್ತು. ಎದೆ ಜೋರಾಗಿ ಹೊಡೆದುಕೊಂಡರೆ ಮತ್ತೆ ಅದೇ ಆಗುತ್ತದೆ ಎಂಬ ದಿಗಿಲು.

ಮರು ತಪಾಸಣೆಗೆ ಹೋದಾಗ ಡಾಕ್ಟರು ಅದನ್ನೇ ಕೇಳಿದರು. ಅವಳು ನೆಲ ನೋಡಿದಳು, ಗಂಡ ಡಾಕ್ಟರಿಗೂ "ಹೂಂ" ಅಂದ. ಜೊತೆಗೆ ಹೋಗಿದ್ದ ಅತ್ತೆ ಕುರ್ಚಿಯಿಂದ ಎದ್ದು ನಿಂತು, ಆ ರೂಮು ಎಲ್ಲಿದೆ ತೋರಿಸಿ, ಇವಳು ಬರದಿದ್ದರೆ ನಾನೇ ವ್ಯಾಯಾಮ ಮಾಡಿ ಹೋಗುತ್ತೇನೆ ಎಂದು ಹೊರಟೇಬಿಟ್ಟಳು. ಮುದುಕಿ ಬಿದ್ದುಗಿದ್ದಾಳೆಂದು ಸೊಸೆ ಹಿಂದೆ ಹೋಗಬೇಕಾಯಿತು. ಹಾಗೆ ಅವಳು ಮೊದಲ ಸಲ ಅಲ್ಲಿಗೆ ಕಾಲಿಟ್ಟದ್ದು.

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯ ಪಕ್ಕದಲ್ಲಿತ್ತು ಅದು. ಸೋಪಿನ ವಾಸನೆ, ಬಿಸಿ ಹಬೆ. ಎತ್ತರದಲ್ಲಿದ್ದ ಉದ್ದನೆಯ ಕಿಟಕಿಯಲ್ಲಿ ರಸ್ತೆಯಲ್ಲಿ ಹೋಗುವವರ ಕಾಲು ಮಾತ್ರ ಕಾಣುತ್ತಿತ್ತು. ಒಳಗೆ ನಡೆಯುವ ಮಷೀನು, ನಿಂತಲ್ಲೇ ತುಳಿಯುವ ಸೈಕಲ್, ಬಣ್ಣಬಣ್ಣದ ರಬ್ಬರ್ ಪಟ್ಟಿ. ನಡೆಸಿಕೊಡುವವಳು ಕೆಂಪು ಶೂ ಹಾಕಿದ ಫಿಸಿಯೋಥೆರಪಿಸ್ಟ್. ಎಲ್ಲರೂ ಅವಳನ್ನು ಕೆಂಪು ಶೂ ಮೇಡಂ ಎಂದೇ ಕರೆಯುತ್ತಿದ್ದರು. ಬಂದವರಲ್ಲಿ ಬಹುಪಾಲು ಗಂಡಸರು. ಮೂಲೆಯಲ್ಲಿ ಬೈಪಾಸ್ ಆಗಿದ್ದ ಒಬ್ಬ ಡ್ರಾಯಿಂಗ್ ಮೇಷ್ಟ್ರು, ಕೆಮ್ಮು ಬಂದಾಗ ಹೊಲಿಗೆ ನೋಯದಂತೆ ಎದೆಗೆ ಪುಟ್ಟ ದಿಂಬು ಒತ್ತಿ ಹಿಡಿದುಕೊಂಡು ಕುಳಿತಿರುತ್ತಿದ್ದರು. ಯಾರೊಂದಿಗೂ ಮಾತಿಲ್ಲ.

ಮೇಡಂ ಅವಳ ಎದೆಗೆ ಅಂಟುಬಿಲ್ಲೆ ಹಚ್ಚಿ, ತಂತಿ ಜೋಡಿಸಿ, ನಡೆಯುವ ಮಷೀನಿನ ಮೇಲೆ ನಿಲ್ಲಿಸಿದಳು. ಕಾಲಡಿಯ ಪಟ್ಟಿ ಇರುವೆಯ ವೇಗದಲ್ಲಿ ಸರಿಯತೊಡಗಿತು. ಸೀಟಿಯಕ್ಕ ಎರಡೂ ಕೈಯಲ್ಲಿ ಮುಂದಿನ ಕಂಬಿಯನ್ನು ಬೆರಳು ಬಿಳಿಚಿಕೊಳ್ಳುವಷ್ಟು ಬಿಗಿ ಹಿಡಿದಳು.

"ಬಸ್ಸಲ್ಲೂ ಹೀಗೇ ಹಿಡ್ಕೊಂಡು ಟಿಕೆಟ್ ಕೊಡ್ತಿದ್ರಾ ಅಕ್ಕಾ?" ಎಂದು ಮೇಡಂ ಕೇಳಿದಳು.

ಈ ಮಷೀನೇ ಒಂದು ಕಡೆ ವಾಲಿದೆ ಎಂದು ಇವಳು ಗೊಣಗಿದಳು. ಗೋಡೆ ಬದಿಯ ಕುರ್ಚಿಯಲ್ಲಿ ಕುಳಿತೇ ಕೈ ಮೇಲೆ ಕೆಳಗೆ ಮಾಡುತ್ತಿದ್ದ ಅತ್ತೆ ಎಲ್ಲರಿಗೂ ಕೇಳಿಸುವಂತೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಅಂದಳು. ಮೇಷ್ಟ್ರ ತುಟಿಯಂಚು ಒಂದಿಷ್ಟು ಅಲುಗಿತು.

ಮೊದಲು ಮೈ ಸಡಿಲ ಮಾಡುವುದು, ಆಮೇಲೆ ನಡೆಯುವುದು ಅಥವಾ ತುಳಿಯುವುದು, ಕೊನೆಗೆ ಥಟ್ಟನೆ ನಿಲ್ಲದೆ ನಿಧಾನವಾಗಿ ಇಳಿಸುತ್ತ ಬರುವುದು. ಎಷ್ಟು ಜೋರು ಅನ್ನುವುದಕ್ಕೆ ಮೇಡಂ ಸುಲಭದ ಲೆಕ್ಕ ಹೇಳಿಕೊಟ್ಟಳು: ನಡೆಯುತ್ತ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲೂ ಆಗುತ್ತಿದ್ದರೆ ಸೋಮಾರಿತನ, ಮಾತೇ ಬಾರದಿದ್ದರೆ ಅತಿಯಾಯಿತು. ಮಾತಾಡಿ ನೋಡಬೇಕೆಂಬ ನೆಪದಲ್ಲಿ ಸೀಟಿಯಕ್ಕ ಪಕ್ಕದ ಸೈಕಲ್ಲಿನವರ ವಿಚಾರಣೆ ಶುರುಮಾಡಿದಳು. ಕೆಲವೇ ದಿನದಲ್ಲಿ ಅಲ್ಲಿಯವರ ಮನೆಮಂದಿಯ ಸಮಾಚಾರವೆಲ್ಲ ಅವಳ ಚೀಲ ಸೇರಿತ್ತು, ಮೇಷ್ಟ್ರದ್ದೊಂದು ಬಿಟ್ಟು.

ಒಂದು ದಿನ ಮೇಡಂ ಪಟ್ಟಿಯ ವೇಗವನ್ನು ತುಸು ಏರಿಸಿದಳು. ಎದೆ ಡಬಡಬ ಹೊಡೆಯತೊಡಗಿತು, ನಡುವೆ ಒಂದೆರಡು ಬಡಿತ ಎಗರಿದಂತಾಯಿತು. ಸೀಟಿಯಕ್ಕ ಕೆಂಪು ಗುಂಡಿ ಒತ್ತಿ ಮಷೀನು ನಿಲ್ಲಿಸಿ, ಅದರ ಅಂಚಿನ ಮೇಲೆ ಕುಸಿದು ಕುಳಿತು ಅತ್ತಳು. ಬಸ್ಸಿನಲ್ಲಿ ನೋವು ಬಂದಾಗಲೂ, ಆಸ್ಪತ್ರೆಯಲ್ಲೂ ಅಳದವಳು ಅವತ್ತು ಎಲ್ಲರೆದುರು ಬಿಕ್ಕಿ ಬಿಕ್ಕಿ ಅತ್ತಳು. ಮೇಡಂ ಪಕ್ಕದಲ್ಲೇ ನೆಲಕ್ಕೆ ಕುಳಿತು ನಾಡಿ, ರಕ್ತದೊತ್ತಡ ನೋಡಿದಳು. ಪರದೆಯ ಮೇಲೆ ಓಡಿದ್ದ ಗೆರೆಗಳನ್ನು ಹಿಂದಕ್ಕೆ ತಂದು, ಇಲ್ಲಿ ನೋಡಿ, ಎರಡು ಬಡಿತ ಅವಸರ ಮಾಡಿವೆ ಅಷ್ಟೇ, ಬಹಳ ಜನರಿಗೆ ಹೀಗಾಗುತ್ತದೆ, ಡಾಕ್ಟರಿಗೂ ತೋರಿಸೋಣ ಎಂದಳು. ಆಮೇಲೆ ಹೇಳಿದಳು:

"ಎದೆ ಜೋರಾಗಿ ಹೊಡ್ಕೊಂಡ್ರೆ ಕೆಟ್ಟಿದೆ ಅಂತಲ್ಲ ಅಕ್ಕಾ. ನೀವು ಕೆಲಸ ಹೇಳಿದ್ರಿ, ಅದು ಮಾಡ್ತಿದೆ."

ಆಗ ಮೂಲೆಯಿಂದ ಮೇಷ್ಟ್ರ ದನಿ ಬಂತು, ಎಷ್ಟೋ ದಿನದಿಂದ ಬಳಸದೆ ತುಕ್ಕು ಹಿಡಿದಂಥ ದನಿ. "ನಾನು ಮಲಗೋವಾಗ ಹೆಂಡತಿಗೆ ಹೇಳ್ತೀನಮ್ಮಾ, ಬೆಳಗ್ಗೆ ಮೊದಲು ನನ್ನನ್ನ ಅಲುಗಿಸಿ ನೋಡು ಅಂತ. ದಿನಾ ಹೇಳ್ತೀನಿ. ಅವಳು ಪಾಪ ದಿನಾ ಅಲುಗಿಸ್ತಾಳೆ."

ಅವರು ಹೇಳಿದ ರೀತಿಗೋ ಏನೋ, ಅಳುತ್ತಿದ್ದವಳಿಗೆ ನಗು ಬಂತು. ಮೇಷ್ಟ್ರೂ ನಕ್ಕರು, ನಕ್ಕು ಕೆಮ್ಮಿದರು, ದಿಂಬು ಒತ್ತಿ ಹಿಡಿದರು. ಆಮೇಲೆ ಒಬ್ಬೊಬ್ಬರೇ ತಮ್ಮ ತಮ್ಮ ಭಯ ಹೊರಗೆ ಹಾಕಿದರು. ಒಬ್ಬರು ಮೊಮ್ಮಗಳನ್ನು ಎತ್ತಿಕೊಳ್ಳಲು ಹೆದರುತ್ತಿದ್ದರು. ಇನ್ನೊಬ್ಬರು ಒಂಟಿಯಾಗಿ ಲಿಫ್ಟ್ ಹತ್ತುತ್ತಿರಲಿಲ್ಲ. ತನ್ನೊಬ್ಬಳದೇ ಹುಚ್ಚು ಎಂದುಕೊಂಡಿದ್ದ ಸೀಟಿಯಕ್ಕನಿಗೆ, ಈ ಕೋಣೆಯ ಅಷ್ಟೂ ಜನ ಕಳ್ಳತನದಲ್ಲಿ ನಾಡಿ ನೋಡಿಕೊಳ್ಳುವವರೇ ಎಂದು ತಿಳಿದು ಅರ್ಧ ಕಾಯಿಲೆ ಅಲ್ಲೇ ಇಳಿಯಿತು.

ವಾರಕ್ಕೊಮ್ಮೆ ಎಲ್ಲರನ್ನೂ ಕೂಡಿಸಿ ಮಾತೂ ಇರುತ್ತಿತ್ತು. ಕಂಡಕ್ಟರ್ ಕೆಲಸದ ದಿನಚರಿ ಕೇಳಿ ಮೇಡಂ ಬೆಚ್ಚಿದಳು: ದಾರಿಯಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲವೆಂದು ದಿನವಿಡೀ ನೀರೇ ಕುಡಿಯದಿರುವುದು, ಡಿಪೋ ಕ್ಯಾಂಟೀನಿನಲ್ಲಿ ನಿಂತುಕೊಂಡೇ ಕರಿದ ತಿಂಡಿ ಬಾಯಿಗೆ ಹಾಕಿಕೊಳ್ಳುವುದು, ನಿದ್ದೆಗೆ ಹೊತ್ತಿಲ್ಲ, ಊಟಕ್ಕೆ ಗೊತ್ತಿಲ್ಲ. ಯಾವ ಸ್ಟಾಪಿನಲ್ಲಿ ನೀರು, ಎಲ್ಲಿ ಇಳಿಯಬಹುದು, ಡಬ್ಬಿಯಲ್ಲಿ ಏನು ತರಬೇಕು ಎಂದು ಇಬ್ಬರೂ ಕೂತು ಗೊತ್ತು ಮಾಡಿದರು. ಮನೆಯಲ್ಲಿ ಉಪ್ಪಿನ ಡಬ್ಬಿ ಅತ್ತೆಯ ವಶವಾಯಿತು. ಮುದುಕಿ ಅದನ್ನು ಒಡವೆಯ ಹಾಗೆ ಕಾದಳು. ಮತ್ತೊಂದು ವಾರ ಮೇಡಂ, ಸಂಕೋಚ ಬೇಡ ಎಂದು ಪೀಠಿಕೆ ಹಾಕಿ, ಎರಡು ಮಹಡಿ ಮೆಟ್ಟಿಲು ಏದುಸಿರಿಲ್ಲದೆ ಹತ್ತಬಲ್ಲವರು ಗಂಡಹೆಂಡಿರ ಸಂಸಾರಕ್ಕೂ ಸಾಮಾನ್ಯವಾಗಿ ಹೆದರಬೇಕಾಗಿಲ್ಲ ಎಂದಳು. ಅತ್ತೆ ತಟಕ್ಕನೆ ಮುಖ ತಿರುಗಿಸಿ ಕಿಟಕಿಯಲ್ಲಿ ಹೋಗುವವರ ಕಾಲುಗಳನ್ನು ನೋಡತೊಡಗಿದಳು. ಮೇಷ್ಟ್ರು ಮಾತ್ರ, ಮೆಟ್ಟಿಲು ಎಷ್ಟೆತ್ತರದವು ಎಂದು ಗಂಭೀರವಾಗಿ ಕೇಳಿದರು.

ಈ ನಡುವೆ ಸೀಟಿಯಕ್ಕ ಒಂದು ತಪ್ಪು ಮಾಡಿದಳು. ಮೈ ಹಗುರವಾಯಿತಲ್ಲ ಎಂದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ತಾನಾಗಿಯೇ ಬಿಟ್ಟಳು. ಮಾತಿನ ನಡುವೆ ಅದು ಬಾಯಿತಪ್ಪಿ ಹೊರಬಂತು. ನಗುನಗುತ್ತಿದ್ದ ಮೇಡಂ ನಗು ನಿಲ್ಲಿಸಿ, ಆಗಲೇ ಅವಳನ್ನು ಮೇಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಸ್ಟೆಂಟ್ ಇಟ್ಟ ಮೇಲೆ ಹೇಳದೆ ಕೇಳದೆ ಆ ಮಾತ್ರೆ ಬಿಟ್ಟರೆ ಅದೇ ಜಾಗದಲ್ಲಿ ರಕ್ತ ಗಡ್ಡೆಯಾಗಬಹುದು ಎಂದು ಡಾಕ್ಟರು ಬಿಡಿಸಿ ಹೇಳಿದರು. ಬ್ರೇಕ್ ಚೆನ್ನಾಗಿ ಹಿಡೀತಿದೆ ಅಂತ ಬ್ರೇಕನ್ನೇ ಕಿತ್ತು ಹಾಕ್ತಾರಾ ಎಂದು ಡ್ರೈವರಣ್ಣ ಕೂಡ ಬಂದು ಬೈದು ಹೋದ. ಆಮೇಲೆ ಆ ತಪ್ಪು ಮಾಡಲಿಲ್ಲ.

ಮನೆಯಲ್ಲೂ ದಿನಾ ನಡೆಯಬೇಕೆಂದು ಹೇಳಿದ್ದರು. ಸಂಜೆ ಗಂಡನೂ ಜೊತೆಗೆ ಹೊರಡುತ್ತಿದ್ದ, ಕಂಕುಳಲ್ಲಿ ಮಡಚುವ ಸ್ಟೂಲು ಸಿಕ್ಕಿಸಿಕೊಂಡು. ಹೆಂಡತಿಗೆ ಸುಸ್ತಾದರೆ ಕೂರಲು ಬೇಕಲ್ಲ. ಬೀದಿಯವರೆಲ್ಲ ನೋಡುತ್ತಿದ್ದರು. ಒಂದು ಸಂಜೆ ನೀರಿನ ಟ್ಯಾಂಕಿನ ಕಡೆ ಏರುವ ರಸ್ತೆಯ ಬುಡದಲ್ಲಿ ಅವಳಿಗೆ ರೇಗಿತು. ಆ ಸ್ಟೂಲು ಬಿಸಾಕಿ, ನಾನೇನು ಗಾಜಿನ ಗೊಂಬೆಯಾ ಅಂದಳು. ಅವನು ಹೂಂ ಅಂದ. ಆ ಹೂಂ ಕೇಳಿ ಮೈಯೆಲ್ಲ ಉರಿಯಿತು. ಹೂಂ ಅಂದರೆ ಏನು, ಬಾಯಲ್ಲಿ ನಾಲಿಗೆ ಇಲ್ಲವಾ, ನಾನು ಬದುಕಿರುವಾಗಲೇ ತಿಥಿಯವರ ಮುಖ ಮಾಡಿಕೊಂಡು ತಿರುಗ್ತೀರಲ್ಲ ಎಂದು ಶುರುಮಾಡಿದಳು. ನಡೆಯುತ್ತಲೇ ಬೈದಳು. ಅರ್ಧ ದಾರಿಗೆ ಅವನ ಕಟ್ಟೆಯೂ ಒಡೆಯಿತು.

"ನಿನಗೇನು ಗೊತ್ತು? ನೀನು ಒಳಗೆ ಮಲಗಿದ್ದೆ. ಹೊರಗೆ ಬೆಂಚಿನ ಮೇಲೆ ಕೂತಿದ್ದವನು ನಾನು. ನಿನ್ನ ಜೊತೆ ಜಗಳ ಆಡಿದ್ದಕ್ಕೇ ಹೀಗಾಯ್ತು ಅಂದ್ಕೊಂಡು ಕೂತಿದ್ದೆ. ಇನ್ನು ಎದುರು ಮಾತಾಡಲ್ಲ ಅಂತ ಅಲ್ಲೇ ಶಪಥ ಮಾಡಿದೆ."

"ಯಾರು ಕೇಳಿದ್ರು ನಿಮ್ಮ ಶಪಥ?"

"ಟವೆಲ್ ಬಾಗಿಲಿಗೆ ಹಾಕ್ಬೇಡ ಅಂತ ಎಷ್ಟು ವರ್ಷದಿಂದ ಹೇಳ್ತಿದ್ದೀನಿ, ಇವತ್ತೂ ಹಾಕಿದ್ದೀಯ. ಅದನ್ನ ನುಂಗ್ಕೊಂಡು ಇದ್ದೀನಲ್ಲ, ನನ್ನ ಎದೆ ಏನಾಗ್ಬೇಕು?"

ಟವೆಲ್‌ನಿಂದ ಫ್ಯಾನಿಗೆ, ಫ್ಯಾನಿನಿಂದ ಅವಳ ತಮ್ಮನಿಗೆ ಹೋಯಿತು ಮಾತು. ತಮ್ಮನ ವಿಷಯ ಮುಗಿಯುವ ಹೊತ್ತಿಗೆ ಸುತ್ತ ನೋಡಿದರೆ ಟ್ಯಾಂಕಿನ ಬುಡದಲ್ಲಿದ್ದರು. ಏರುವ ರಸ್ತೆಯನ್ನು ಅವಳು ಬೈಯುತ್ತ ಬೈಯುತ್ತ ಹತ್ತಿಬಿಟ್ಟಿದ್ದಳು. ನಾಡಿ ನೋಡಿಕೊಳ್ಳುವುದೂ ನೆನಪಾಗಿರಲಿಲ್ಲ. ಗಂಡನಿಗೆ ಮಾತ್ರ ದಮ್ಮು ಕಟ್ಟಿತ್ತು. ಸ್ಟೂಲು ಬಿಡಿಸಿ ಅವನೇ ಕುಳಿತ. ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮಾರನೆಯ ವಾರದಿಂದ ಅವನೂ ಸ್ಟೂಲಿಲ್ಲದೆ ನಡೆಯತೊಡಗಿದ.

ಇನ್ನು ಕೆಲಸದ ಮಾತು. ಡಿಪೋದ ಸಾಹೇಬರು ಒಳ್ಳೆಯವರೇ. ಇನ್ನು ನಿಮಗೆ ಬಸ್ಸು ಬೇಡಮ್ಮಾ, ಟಿಕೆಟ್ ರೋಲು ವಿತರಿಸುವ ಕಿಟಕಿಯಲ್ಲಿ ಕೂತುಬಿಡಿ ಎಂದರು. ಕುಳಿತು ನೋಡಿದಳು. ಕಬ್ಬಿಣದ ಕಪಾಟು, ಟ್ಯೂಬ್‌ಲೈಟು, ದಿನಾ ಅವೇ ಮುಖಗಳು. ನನ್ನ ಎದೆಗೆ ಬಸ್ಸಿನಿಂದ ಏನೂ ಆಗಲ್ಲ, ಈ ಕುರ್ಚಿಯಿಂದ ಆಗುತ್ತೆ ಎಂದು ಮೇಡಂ ಎದುರು ಗೋಳಾಡಿದಳು.

ಹಾಗಾದರೆ ನೋಡೇಬಿಡೋಣ ಎಂದಳು ಮೇಡಂ. ಅಲುಗುವ ಹಲಗೆಯೊಂದರ ಮೇಲೆ ಅವಳನ್ನು ನಿಲ್ಲಿಸಿ, ಭುಜಕ್ಕೆ ಮರಳು ತುಂಬಿದ ಚೀಲ ಹಾಕಿ, ಎಡಕ್ಕೆ ಬಲಕ್ಕೆ ತಿರುಗಿ ಕಾಗದದ ಚೂರು ಹಂಚಿಸಿದಳು. ಮೇಷ್ಟ್ರು, ಸೈಕಲ್ಲಿನವರು, ಅತ್ತೆ, ಎಲ್ಲರೂ ಪ್ರಯಾಣಿಕರಾಗಿ ಸಾಲಾಗಿ ನಿಂತರು. ಅತ್ತೆ ಹಿರಿಯ ನಾಗರಿಕರ ರಿಯಾಯಿತಿ ಕೇಳಿ ಜಗಳ ತೆಗೆದಳು. ಹಾಗೇ ದಿನದಿಂದ ದಿನಕ್ಕೆ ಚೀಲದ ಭಾರ ಏರಿತು. ಕೊನೆಗೆ ಡಾಕ್ಟರು ತಂತಿ ಜೋಡಿಸಿ ಏರುದಾರಿಯಂತೆ ಮಷೀನು ಎತ್ತರಿಸಿ ಪರೀಕ್ಷೆ ಮಾಡಿ, ಮೊದಲು ಚಿಕ್ಕ ಮಾರ್ಗ, ಕಡಿಮೆ ಹೊತ್ತು ಎಂಬ ಷರತ್ತಿನ ಮೇಲೆ ಕೆಲಸಕ್ಕೆ ಹೋಗಬಹುದು ಎಂದರು. ಡ್ರೈವರಣ್ಣ ತಾನೂ ಚಿಕ್ಕ ಮಾರ್ಗವೇ ಕೇಳಿ ಬರೆಸಿಕೊಂಡ. ಕಾರಣ ಕೇಳಿದ್ದಕ್ಕೆ, ಹೊಸಬರ ಸೀಟಿ ನನಗೆ ಅರ್ಥ ಆಗಲ್ಲ ಅಂದನಂತೆ.

ಅವಳು ಮರಳಿದ ದಿನ ಆ ಬಸ್ಸು ನನ್ನ ದಾರಿಯದಲ್ಲದಿದ್ದರೂ ಹತ್ತಿದೆ. ನನ್ನ ಹಾಗೇ ದಾರಿ ತಪ್ಪಿ ಬಂದವರು ಇನ್ನೂ ಹಲವರಿದ್ದರು. ಒಂದು ತಿರುವಿನಲ್ಲಿ ಅವಳು ಅರೆಗಳಿಗೆ ಕಂಬಿ ಹಿಡಿದಳು, ಬಿಟ್ಟಳು. ಎಲ್ಲರೂ ಒಟ್ಟಿಗೆ ಮಾತಾಡಿಸಲು ಹೋದಾಗ, ಬಾಯಿಗಿಂತ ಮೊದಲು ಪಾಸು ತೆಗೀರಿ ಅಂದಳು.

ಈಗ ಅವಳು ಪೂರ್ತಿ ಕೆಲಸದಲ್ಲಿದ್ದಾಳೆ. ಮಾತ್ರೆ ಇದೆ, ತಪಾಸಣೆ ಇದೆ, ಒಮ್ಮೊಮ್ಮೆ ಭಯವೂ ಬಂದು ಹೋಗುತ್ತದೆ. ರಜೆಯ ದಿನ ಆಸ್ಪತ್ರೆಗೆ ಹೋಗಿ, ಕೆಳಮಹಡಿಗೆ ಇಳಿಯಲು ಒಲ್ಲೆ ಅನ್ನುವ ಹೆಂಗಸರ ಹತ್ತಿರ ಕೂರುತ್ತಾಳೆ. ಮೇಡಂ ಕೇಳಿಕೊಂಡ ಕೆಲಸ ಅದು. ಮೊನ್ನೆ ಒಬ್ಬ ಟೈಲರಮ್ಮ, ಮನೆಕೆಲಸವೇ ಸಾಕಷ್ಟಿದೆ, ನನಗ್ಯಾಕೆ ವ್ಯಾಯಾಮ, ಅಲ್ಲಿ ಬರೀ ಗಂಡಸರಂತೆ ಎಂದು ಹಟ ಹಿಡಿದಿದ್ದಳಂತೆ. ವ್ಯಾಯಾಮ ಬೇಡ, ಬರೀ ನೋಡಿಕೊಂಡು ಬರೋಣ ಬಾ ಎಂದು ಸೀಟಿಯಕ್ಕ ಅವಳ ತೋಳು ಹಿಡಿದು ಮೆಲ್ಲಗೆ ಮೆಟ್ಟಿಲಿಳಿಸಿದಳು. ಅವತ್ತು ಮೇಷ್ಟ್ರು ಮಷೀನಿನ ಮೇಲೆ ನಡೆಯುತ್ತ, ಒಂದು ಕೈಯಲ್ಲಿ ಪ್ಯಾಂಟಿನ ಸೊಂಟ ಎತ್ತಿ ಹಿಡಿದುಕೊಂಡು ಮೇಡಂಗೆ ಏನೋ ಹೇಳುತ್ತಿದ್ದರು. ಅವರ ಹೊಟ್ಟೆ ಕರಗಿ ಪ್ಯಾಂಟು ನಿಲ್ಲುತ್ತಿರಲಿಲ್ಲ. ಟೈಲರಮ್ಮ ಬಾಗಿಲಲ್ಲೇ ನಿಂತು ಒಂದು ಕ್ಷಣ ಕಣ್ಣಳತೆ ತೆಗೆದಳು.

"ನಾಲ್ಕು ಬೆರಳು ಒಳಗೆ ಹಿಡೀಬೇಕು" ಎಂದು ಒಳಗೆ ಹೋದಳು.